ಒಳಗೆ ಇಲ್ಲದ ಹೆಸರು ಹೊರಗೆ ಸಿಕ್ಕಿತು: ಒಂದು ಲೈಬ್ರರಿ ಡೇಟಾಬೇಸ್ ರಿಪೇರಿ

ಭಾನುವಾರ ಬೆಳಗ್ಗೆ 9 ಗಂಟೆಗೆ ಮೇಷ್ಟ್ರ ಫೋನ್ ಬಂತು. "ಏನಮ್ಮಾ, ಹೊರಗೆ ಹೋಗಿರೋ ಪುಸ್ತಕ ಬರೀ ಏಳು ಅಂತ ತೋರಿಸ್ತಿದೆ. ನಿನ್ನೆ ಮುನ್ನೂರು ಚಿಲ್ಲರೆ ಇತ್ತಲ್ಲ?"

ಬೆಂಗಳೂರಿನ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದಿಂದ ಐದು ನಿಮಿಷ ನಡೆದರೆ ಒಂದು ಹಳೇ ಮನೆ ಸಿಗುತ್ತದೆ. ಅದರ ಮುಂದಿನ ಎರಡು ಕೋಣೆಯಲ್ಲಿ ನಮ್ಮ ಲೈಬ್ರರಿ ಇದೆ. ನಿವೃತ್ತ ಮೇಷ್ಟ್ರು ನಡೆಸುತ್ತಾರೆ. ನಾನು ಅದರ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಒಟ್ಟು 6412 ಪುಸ್ತಕ. ಒಂದು ಹಳೇ ಕಂಪ್ಯೂಟರ್, ಅದರಲ್ಲಿ ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ 15. ಟೇಬಲ್‌ಗಳಿಗೂ ಕಾಲಂಗಳಿಗೂ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಪೋಸ್ಟ್‌ಗ್ರೆಸ್ ಅದಕ್ಕೆ ಏನೂ ತಕರಾರು ಮಾಡುವುದಿಲ್ಲ. ಮೇಷ್ಟ್ರೇ ಪರದೆ ನೋಡಿ ಯಾವ ಕಾಲಂ ಏನು ಅಂತ ಹೇಳಬಲ್ಲರು. ಅದು ನನಗೆ ಮುಖ್ಯ.

ಈ ಬರಹದಲ್ಲಿ ಸೆಲೆಕ್ಟ್, ಫ್ರಮ್, ವೇರ್ ಮುಂತಾದ ಎಸ್‌ಕ್ಯುಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಮಾಡಿ ನೋಡುವಾಗ ಆ ಪದಗಳನ್ನು ಮಾತ್ರ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಉಳಿದ ಹೆಸರುಗಳು ಹೀಗೇ ಕನ್ನಡದಲ್ಲಿ ಇರಬಹುದು.

ಮೊದಲು ಮಾಡಿದ್ದು

ಮೇಷ್ಟ್ರಿಗೆ ಹೇಳಿದೆ: "ಮೇಷ್ಟ್ರೇ, ಇವತ್ತು ಕಂಪ್ಯೂಟರ್ ಮುಟ್ಟಬೇಡಿ. ಕೊಟ್ಟಿದ್ದು, ಬಂದಿದ್ದು ಎಲ್ಲಾ ಹಳೇ ಲೆಡ್ಜರ್‌ನಲ್ಲೇ ಬರೀರಿ." ಆಮೇಲೆ ಗಾಡಿ ತೆಗೆದು ಹೊರಟೆ.

ಅಲ್ಲಿ ಹೋಗಿ ಮೊದಲು ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟನ್ನು ನಿಲ್ಲಿಸಿದೆ. ಎರಡನೆಯದಾಗಿ, ಕೆಟ್ಟುಹೋದ ಡೇಟಾಬೇಸ್ ಹೇಗಿತ್ತೋ ಹಾಗೇ ಒಂದು ಬ್ಯಾಕಪ್ ತೆಗೆದು ಪೆನ್ ಡ್ರೈವ್‌ಗೆ ಹಾಕಿದೆ. ಕೆಟ್ಟದ್ದಕ್ಕೆ ಯಾಕೆ ಬ್ಯಾಕಪ್ ಅಂತ ಅನ್ನಿಸಬಹುದು. ರಿಪೇರಿಗೆ ಕೈ ಹಾಕಿದ ಮೇಲೆ ಸುಳಿವು ಅಳಿಸಿಹೋಗುತ್ತದೆ. ಈ ಸಲ ಆ ಬ್ಯಾಕಪ್ ಇಲ್ಲದಿದ್ದರೆ ಕಾರಣವೇ ಸಿಗುತ್ತಿರಲಿಲ್ಲ.

ರಾತ್ರಿ ನಡೆಯುವ ಕೆಲಸ ಇಷ್ಟು. 11 ಗಂಟೆಗೆ ಬ್ಯಾಕಪ್. 11:30ಕ್ಕೆ ಸ್ಕ್ರಿಪ್ಟ್ ಓಡುತ್ತದೆ. ಆ ದಿನ ವಾಪಸ್ ಬಂದ ಪುಸ್ತಕಗಳ ನಂಬರನ್ನು ಒಬ್ಬ ಹುಡುಗಿ ಫೋನ್‌ನಲ್ಲೇ ಒಂದು ಶೀಟ್‌ಗೆ ತುಂಬಿಸಿರುತ್ತಾಳೆ. ಸ್ಕ್ರಿಪ್ಟ್ ಆ ಶೀಟನ್ನು ಓದಿ, ಅದರ ಮೊದಲ ಸಾಲಿನಲ್ಲಿ ಇರುವ ಹೆಸರುಗಳನ್ನೇ ಕಾಲಂ ಮಾಡಿ 'ವಾಪಸ್_ಪಟ್ಟಿ' ಅನ್ನುವ ಟೇಬಲ್ ಹೊಸದಾಗಿ ಕಟ್ಟುತ್ತದೆ. ಆಮೇಲೆ ಈ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶ. ವಾಪಸ್_ಪಟ್ಟಿಯಲ್ಲಿ ನಂಬರ್ ಇರುವ ಪುಸ್ತಕಗಳ ಸ್ಥಿತಿಯನ್ನು ಮಾತ್ರ 'ಒಳಗೆ' ಅಂತ ಬದಲಿಸಬೇಕು, ಯಾವ ಸಾಲು ಅಂತ ಆರಿಸುವುದು ವೇರ್:

ಅಪ್‌ಡೇಟ್ ಪುಸ್ತಕಗಳು
ಸೆಟ್ ಸ್ಥಿತಿ = 'ಒಳಗೆ'
ವೇರ್ ಪುಸ್ತಕ_ನಂಬರ್ ಇನ್ (ಸೆಲೆಕ್ಟ್ ಪುಸ್ತಕ_ನಂಬರ್ ಫ್ರಮ್ ವಾಪಸ್_ಪಟ್ಟಿ);

ಎಷ್ಟೋ ತಿಂಗಳಿಂದ ಇದು ಸರಿಯಾಗಿ ನಡೆಯುತ್ತಿತ್ತು. ಲಾಗ್ ತೆಗೆದು ನೋಡಿದೆ. ಶನಿವಾರ ರಾತ್ರಿ: ಅಪ್‌ಡೇಟ್ 6405. ಪಟ್ಟಿಯಲ್ಲಿ ಇದ್ದದ್ದು 46 ಪುಸ್ತಕ.

ಏಳು ಪುಸ್ತಕದ ಸುಳಿವು

ವೇರ್ ಬಿಟ್ಟುಹೋಗಿದೆ ಅಂತ ಮೊದಲು ಅನುಮಾನ ಬಂತು. ಆದರೆ ವೇರ್ ಅಲ್ಲೇ ಇತ್ತು. ಅದು ಬಿಟ್ಟುಹೋಗಿದ್ದರೆ 6412 ಸಾಲೂ ಬದಲಾಗಬೇಕಿತ್ತು. ಇಲ್ಲಿ 7 ಕಡಿಮೆ. ಆ ಏಳು ಯಾವುವು ಅಂತ ತೆಗೆದು ನೋಡಿದೆ. ಏಳಕ್ಕೂ ಪುಸ್ತಕ_ನಂಬರ್ ಜಾಗ ಖಾಲಿ. ಅಂದರೆ ನಲ್.

ಮೇಷ್ಟ್ರನ್ನು ಕೇಳಿದೆ. "ಅದಾ? ಹೋದ ವಾರ ಒಬ್ಬರು ಒಂದು ಚೀಲ ಪುಸ್ತಕ ಕೊಟ್ಟು ಹೋದ್ರು. ನಂಬರ್ ಚೀಟಿ ಇನ್ನೂ ಅಂಟಿಸಿಲ್ಲ. ಅಷ್ಟರಲ್ಲಿ ದಿನಾ ಬರೋರು ಕೇಳಿದ್ರು, ಇಲ್ಲ ಅನ್ನೋಕಾಗ್ಲಿಲ್ಲ, ಕೊಟ್ಬಿಟ್ಟೆ."

ಈ ಒಂದು ಮಾತಿನಿಂದ ಅರ್ಧ ಕೆಲಸ ಮುಗಿಯಿತು. ನಂಬರ್ ಇರುವ ಪ್ರತಿ ಸಾಲೂ ವೇರ್ ದಾಟಿದೆ. ನಂಬರ್ ಇಲ್ಲದ ಒಂದು ಸಾಲೂ ದಾಟಿಲ್ಲ. ಹೀಗೆ ಆಗುವ ಒಂದು ಸಂದರ್ಭ ನನಗೆ ಗೊತ್ತಿತ್ತು: ಒಂದು ಕಾಲಂ ತನ್ನನ್ನು ತಾನೇ ಹೋಲಿಸಿಕೊಂಡಾಗ. 101 ಯಾವಾಗಲೂ 101ಕ್ಕೆ ಸಮ. ಆದರೆ ನಲ್‌ಗೆ ನಲ್ ಸಮವೇ ಅಂತ ಕೇಳಿದರೆ ಎಸ್‌ಕ್ಯುಎಲ್ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಉತ್ತರವೂ ನಲ್. ವೇರ್‌ಗೆ ಹೌದು ಅನ್ನುವ ಉತ್ತರವೇ ಬೇಕು, ಹಾಗಾಗಿ ಆ ಸಾಲು ಹಾಗೇ ಉಳಿಯುತ್ತದೆ.

ಹಾಗಾದರೆ ಒಳಗಿನ ಸೆಲೆಕ್ಟ್ ವಾಪಸ್_ಪಟ್ಟಿಯ ನಂಬರ್ ತೆಗೆದುಕೊಳ್ಳುತ್ತಿಲ್ಲ. ಹೊರಗಿನ ಪುಸ್ತಕಗಳು ಟೇಬಲ್‌ನ ನಂಬರನ್ನೇ ತೆಗೆದುಕೊಳ್ಳುತ್ತಿದೆ. ಒಳಗಿನ ಸಾಲನ್ನು ಮಾತ್ರ ಬೇರೆ ಮಾಡಿ ಓಡಿಸಿದೆ:

ಸೆಲೆಕ್ಟ್ ಪುಸ್ತಕ_ನಂಬರ್ ಫ್ರಮ್ ವಾಪಸ್_ಪಟ್ಟಿ;

ತಕ್ಷಣ ತಪ್ಪು ಬಂತು: ಪುಸ್ತಕ_ನಂಬರ್ ಅನ್ನುವ ಕಾಲಂ ಇಲ್ಲ. ಒಂಟಿಯಾಗಿ ಓಡಿಸಿದರೆ ತಪ್ಪು, ಇನ್ನೊಂದು ಕ್ವೆರಿಯ ಹೊಟ್ಟೆಯೊಳಗೆ ಇಟ್ಟರೆ ಸರಿ!

ಆದರೆ ಇಲ್ಲಿ ನನಗೆ ಇನ್ನೊಂದು ಗೊಂದಲ. ವಾಪಸ್_ಪಟ್ಟಿ ಟೇಬಲ್ ತೆರೆದರೆ ಕಣ್ಣಿಗೆ ಕಾಣುವ ಹೆಸರು ಪುಸ್ತಕ_ನಂಬರ್ ಅಂತಲೇ ಇದೆ. ಒತ್ತು, ದೀರ್ಘ, ಅನುಸ್ವಾರ ಎಲ್ಲಾ ನೋಡಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ.

ಕಣ್ಣನ್ನು ನಂಬುವುದು ಬಿಟ್ಟು ಅಳೆದು ನೋಡಿದೆ. ಕಾಲಂಗಳ ಹೆಸರು ಇರುವ ಪಟ್ಟಿಯಿಂದ ಎರಡೂ ಹೆಸರಿನ ಉದ್ದ ತೆಗೆದೆ. ಪುಸ್ತಕಗಳು ಟೇಬಲ್‌ನಲ್ಲಿ 12 ಅಕ್ಷರ, 34 ಬೈಟ್. ವಾಪಸ್_ಪಟ್ಟಿಯಲ್ಲಿ 13 ಅಕ್ಷರ, 37 ಬೈಟ್. ಇಲ್ಲಿ ಅಕ್ಷರ ಅಂದರೆ ಯೂನಿಕೋಡ್ ಲೆಕ್ಕದ ಸಂಕೇತ: ಪ ಒಂದು, ಉಕಾರ ಒಂದು, ವಿರಾಮ ಚಿಹ್ನೆ ಒಂದು, ಹೀಗೆ. ಕಂಪ್ಯೂಟರ್ ಅಕ್ಷರ ಉಳಿಸುವ ಒಂದು ರೀತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಅಡಿಗೆರೆಗೆ ಒಂದೇ ಬೈಟ್. 11 ಮೂರಲಿ 33, ಜೊತೆಗೆ 1, ಒಟ್ಟು 34. ಎರಡನೆಯದರಲ್ಲಿ ಕಾಣದ ಇನ್ನೊಂದು ಸಂಕೇತ ಇದೆ.

ಅದೇ ನಮ್ಮ ಹಳೇ ಪರಿಚಯದ, ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಗುರುತು ಝಡ್‌ಡಬ್ಲ್ಯುಎನ್‌ಜೆ, ಯು+200ಸಿ. ಕನ್ನಡ ಟೈಪ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯಬೇಕಾದರೆ ಜ್ ಮತ್ತು ಕು ನಡುವೆ ಇದು ಬೇಕೇ ಬೇಕು. ಇಲ್ಲದಿದ್ದರೆ ಒತ್ತಕ್ಷರ ಆಗಿಬಿಡುತ್ತದೆ. ಕೆಲವು ಕೀಬೋರ್ಡ್‌ಗಳಲ್ಲಿ ಪದದ ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಅಲ್ಲೂ ಇದು ತಾನಾಗಿ ಸೇರಿಕೊಳ್ಳುತ್ತದೆ. ನಂಬರ್ ಅನ್ನುವ ಪದ ಅರ್ಧಾಕ್ಷರದಲ್ಲೇ ಮುಗಿಯುತ್ತದಲ್ಲ. ಹೊಸ ತಿಂಗಳಿಗೆ ಹುಡುಗಿ ಹೊಸ ಶೀಟ್ ಮಾಡಿದ್ದಳು. ಹಳೇ ಶೀಟ್‌ನ ಮೊದಲ ಸಾಲು ನಾನು ಟೈಪ್ ಮಾಡಿದ್ದು. ಹೊಸದು ಅವಳ ಫೋನ್‌ನಲ್ಲಿ ಆದದ್ದು. ಅವಳು ಸರಿಯಾಗೇ ಬರೆದಿದ್ದಾಳೆ. ಯಾವ ಕನ್ನಡಿಗರು ನೋಡಿದರೂ ಅದು 'ನಂಬರ್' ಅಂತಲೇ ಓದುತ್ತಾರೆ.

ಶುಕ್ರವಾರದ ಲಾಗ್ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಹೊಸ ಶೀಟ್ ಶುಕ್ರವಾರವೇ ಬಂದಿತ್ತು, ಆದರೆ ಹೆಸರಿನ ಸಾಲು ಬಿಟ್ಟರೆ ಖಾಲಿ ಇತ್ತು. ಆ ರಾತ್ರಿ: ಅಪ್‌ಡೇಟ್ 0. ತಪ್ಪು ಆಗಲೇ ಒಳಗೆ ಬಂದು ಕೂತಿತ್ತು. ಪಟ್ಟಿ ಖಾಲಿ ಇದ್ದದ್ದರಿಂದ ಹಾನಿ ಮಾಡಲಿಲ್ಲ, ಅಷ್ಟೇ.

ರಿಪೇರಿ

ಇದು ಬೇಗ ಆಯಿತು. ಶನಿವಾರ 11 ಗಂಟೆಯ ಬ್ಯಾಕಪ್ ಇತ್ತಲ್ಲ, ಅದನ್ನು ಬೇರೆ ಹೆಸರಿನ ಡೇಟಾಬೇಸ್‌ಗೆ ಬಿಚ್ಚಿದೆ. ಅಲ್ಲಿ 'ಹೊರಗೆ' ಸ್ಥಿತಿಯಲ್ಲಿ 325 ಪುಸ್ತಕ ಇತ್ತು, ಆ ಏಳೂ ಸೇರಿ. ಅಲ್ಲಿಂದ ಪ್ರತಿ ಪುಸ್ತಕದ ಐಡಿ ಮತ್ತು ಸ್ಥಿತಿಯನ್ನು ಒಂದು ಫೈಲ್‌ಗೆ ತೆಗೆದು, ಅಸಲಿ ಡೇಟಾಬೇಸ್‌ನಲ್ಲಿ 'ಹಿಂದಿನ_ಸ್ಥಿತಿ' ಅನ್ನುವ ಟೇಬಲ್ ಮಾಡಿ ತುಂಬಿದೆ. ಬಿಗಿನ್ ಹೇಳಿ, ಅಪ್‌ಡೇಟ್ ಮಾಡಿ, ಎಣಿಸಿ, 325 ಬಂದ ಮೇಲೆ ಕಮಿಟ್, ಅಂದರೆ ಕಾಯಂ ಮಾಡಿದೆ. ಆಮೇಲೆ ಕಾಲಂ ಹೆಸರು ಸರಿಪಡಿಸಿ 46 ವಾಪಸ್ ಹಾಕಿದೆ. ಉಳಿದದ್ದು 279. ಮಧ್ಯಾಹ್ನ ಒಂದು ಗಂಟೆ ಆಗಿತ್ತು.

ಲೈಬ್ರರಿ ಸರಿಹೋಯಿತು. ಆದರೆ ನನಗೆ ಸಮಾಧಾನ ಇರಲಿಲ್ಲ. ಹೆಸರು ಹುಡುಕುವ ಈ ಕ್ರಮವನ್ನು ಸರಿಯಾಗಿ ತಿಳಿದುಕೊಳ್ಳದೆ ಸ್ಕ್ರಿಪ್ಟನ್ನು ಮತ್ತೆ ಶುರು ಮಾಡಲು ಮನಸ್ಸು ಬರಲಿಲ್ಲ. ಮನೆಗೆ ಬಂದು ಊಟ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಮೈಎಸ್‌ಕ್ಯುಎಲ್ 8 ಮೂರೂ ಡೇಟಾಬೇಸ್‌ಗಳನ್ನು ತೆರೆದು ಕೂತೆ.

ಪ್ರಯೋಗದ ಟೇಬಲ್‌ಗಳು

ಚಿಕ್ಕದಾಗಿ ಇಟ್ಟುಕೊಂಡೆ. 'ಪುಸ್ತಕಗಳು' ಟೇಬಲ್‌ನಲ್ಲಿ ನಂಬರ್, ಸ್ಥಿತಿ, ಕೊಟ್ಟ_ದಿನ ಅಂತ ಮೂರು ಕಾಲಂ, ನಾಲ್ಕು ಸಾಲು: 101, 102, 103, ಮತ್ತು ಒಂದು ನಲ್. 'ವಾಪಸ್_ಪಟ್ಟಿ'ಯಲ್ಲಿ ನಂ ಅನ್ನುವ ಒಂದೇ ಕಾಲಂ, ಎರಡು ಸಾಲು: 101, 102. ಈ ಸಲ ಹೆಸರುಗಳನ್ನು ಬೇಕೆಂದೇ ಬೇರೆ ಇಟ್ಟೆ. ಕಾಣದ ಅಕ್ಷರದ ಗೊಂದಲ ಬೇಡ ಅಂತ.

ಮೊದಲ ಕ್ವೆರಿ:

ಸೆಲೆಕ್ಟ್ ನಂಬರ್ ಫ್ರಮ್ ಪುಸ್ತಕಗಳು
ವೇರ್ ನಂಬರ್ ಇನ್ (ಸೆಲೆಕ್ಟ್ ನಂಬರ್ ಫ್ರಮ್ ವಾಪಸ್_ಪಟ್ಟಿ);

ಮೂರೂ ಡೇಟಾಬೇಸ್ ಒಂದೇ ಉತ್ತರ ಕೊಟ್ಟವು: 101, 102, 103. ಯಾವುದೂ ತಪ್ಪು ಅನ್ನಲಿಲ್ಲ. ವಾಪಸ್_ಪಟ್ಟಿ ಖಾಲಿ ಮಾಡಿ ನೋಡಿದೆ, ಮೂರರಲ್ಲೂ ಸೊನ್ನೆ ಸಾಲು. ಆ ಎರಡು ಸಾಲು ಮತ್ತೆ ತುಂಬಿದೆ. ಶುಕ್ರವಾರ ಮತ್ತು ಶನಿವಾರ ಎರಡೂ ನನ್ನ ಟೇಬಲ್ ಮೇಲೆ ಮತ್ತೆ ನಡೆದವು.

ಇದು ಯಾವ ಡೇಟಾಬೇಸಿನ ದೋಷವೂ ಅಲ್ಲ. ಎಸ್‌ಕ್ಯುಎಲ್‌ನ ನಿಯಮವೇ ಹೀಗೆ. ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಕೋಣೆಯೊಳಗೆ ನಿಂತು "ಸೀನಾ" ಅಂತ ಕೂಗಿದರೆ, ಕೋಣೆಯಲ್ಲೇ ಸೀನ ಇದ್ದರೆ ಅವನು ಓ ಅನ್ನುತ್ತಾನೆ. ಇಲ್ಲದಿದ್ದರೆ ಅಂಗಳದ ಸೀನ. ಅಲ್ಲೂ ಇಲ್ಲದಿದ್ದರೆ ಬೀದಿಯ ಸೀನ. ಎಲ್ಲೂ ಇಲ್ಲದಿದ್ದರೆ ಮಾತ್ರ "ಅಂಥವರು ಇಲ್ಲ" ಅನ್ನುವ ಉತ್ತರ. ಡೇಟಾಬೇಸ್ ಕೂಡ ಮೊದಲು ಅದೇ ಸಬ್‌ಕ್ವೆರಿಯ (ಒಳಗಿನ ಕ್ವೆರಿಯ) ಫ್ರಮ್‌ನಲ್ಲಿ ಇರುವ ಟೇಬಲ್‌ಗಳಲ್ಲಿ ಹುಡುಕುತ್ತದೆ. ಸಿಗದಿದ್ದರೆ ಒಂದು ಸುತ್ತು ಹೊರಗೆ. ಬಂದವನು ಕೋಣೆಯವನೋ ಬೀದಿಯವನೋ ಅಂತ ಹೇಳುವುದಿಲ್ಲ.

ಈ ನಿಯಮ ಇಲ್ಲದಿದ್ದರೆ ಸಬ್‌ಕ್ವೆರಿಗೆ ಅರ್ಧ ಶಕ್ತಿ ಇರುತ್ತಿರಲಿಲ್ಲ. 'ಪ್ರತಿ ಸದಸ್ಯರೂ ಕೊನೆಯದಾಗಿ ತೆಗೆದುಕೊಂಡ ಪುಸ್ತಕ' ಅಂತ ಕೇಳಬೇಕಾದರೆ ಒಳಗಿನ ಕ್ವೆರಿಗೆ ಹೊರಗಿನ ಸದಸ್ಯರ ನಂಬರ್ ಗೊತ್ತಿರಬೇಕು, ಅಲ್ವಾ? 1974ರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಈ ಭಾಷೆಯನ್ನು ಸೀಕ್ವೆಲ್ ಅನ್ನುವ ಹೆಸರಲ್ಲಿ ಮುಂದಿಟ್ಟಾಗಲೇ ಒಂದರೊಳಗೆ ಒಂದು ಕ್ವೆರಿ ಇಡುವುದು ಅದರ ಜೀವಾಳವಾಗಿತ್ತು. ನಿಯಮದ ಬಗ್ಗೆ ನನಗೆ ದೂರಿಲ್ಲ.

ಟೇಬಲ್ ಹೆಸರು ಸೇರಿಸಿದಾಗ

ಸೆಲೆಕ್ಟ್ ಪು.ನಂಬರ್ ಫ್ರಮ್ ಪುಸ್ತಕಗಳು ಆ್ಯಸ್ ಪು
ವೇರ್ ಪು.ನಂಬರ್ ಇನ್ (ಸೆಲೆಕ್ಟ್ ವಾ.ನಂಬರ್ ಫ್ರಮ್ ವಾಪಸ್_ಪಟ್ಟಿ ಆ್ಯಸ್ ವಾ);

ಪು, ವಾ ಅಂದರೆ ಎರಡು ಟೇಬಲ್‌ಗೆ ಕೊಟ್ಟ ಚಿಕ್ಕ ಹೆಸರು. ಮೂರೂ ನಿಂತವು. ವಾ.ನಂಬರ್ ಇಲ್ಲ ಅಂದವು. 'ವಾ' ಮತ್ತು ಒಂದು ಚುಕ್ಕೆ ಇದ್ದಿದ್ದರೆ ಶನಿವಾರ ರಾತ್ರಿ ಸ್ಕ್ರಿಪ್ಟ್ ಅಲ್ಲೇ ನಿಂತಿರುತ್ತಿತ್ತು.

ಕುತೂಹಲಕ್ಕೆ, ಕೆಟ್ಟ ಡೇಟಾಬೇಸಿನ ಬ್ಯಾಕಪ್ ಮೇಲೂ ಇದನ್ನು ಓಡಿಸಿದೆ. ಪೋಸ್ಟ್‌ಗ್ರೆಸ್‌ಗೆ ಒಂದು ಒಳ್ಳೆ ಅಭ್ಯಾಸ ಇದೆ. ಕಾಲಂ ಸಿಗದಿದ್ದಾಗ ಹತ್ತಿರದ ಹೆಸರು ಇದ್ದರೆ "ನೀವು ಹೇಳಿದ್ದು ಇದಾ?" ಅಂತ ಸೂಚಿಸುತ್ತದೆ. ವಾ.ಪುಸ್ತಕ_ನಂಬರ್ ಇಲ್ಲ, ನೀವು ಹೇಳಿದ್ದು ವಾ.ಪುಸ್ತಕ_ನಂಬರ್ ಇರಬಹುದಾ ಅಂತ ಕೇಳಿತು. ಕಣ್ಣಿಗೆ ಎರಡೂ ಒಂದೇ. ಆದರೂ ಈ ಸೂಚನೆ ನೋಡಿದವರಿಗೆ ಎಲ್ಲಿ ಹುಡುಕಬೇಕು ಅಂತ ತಕ್ಷಣ ಹೊಳೆಯುತ್ತದೆ.

ಒಂದೇ ಸುತ್ತಿನ ಒಳಗೆ ಗೊಂದಲ ಆದರೆ ಡೇಟಾಬೇಸ್ ಸುಮ್ನೆ ಇರುವುದಿಲ್ಲ. ಒಂದೇ ಫ್ರಮ್‌ನಲ್ಲಿ ಎರಡು ಟೇಬಲ್ ಇಟ್ಟು, ಎರಡರಲ್ಲೂ ನಂಬರ್ ಇದ್ದು, ಬರೀ ನಂಬರ್ ಅಂತ ಬರೆದರೆ ಮೂರೂ ಜಗಳ ತೆಗೆಯುತ್ತವೆ: ಯಾವ ನಂಬರ್? ಆದರೆ ಒಂದು ಒಳಗೆ, ಒಂದು ಹೊರಗೆ ಇದ್ದರೆ ಪ್ರಶ್ನೆಯೇ ಇಲ್ಲ. ಒಳಗಿನದೇ ಗೆಲ್ಲುತ್ತದೆ, ಸದ್ದಿಲ್ಲದೆ.

ಮೂರು ಸುತ್ತು

ಇದು ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ ಪ್ರಯೋಗ. 'ಸದಸ್ಯರು' ಅನ್ನುವ ಟೇಬಲ್ ಸೇರಿಸಿದೆ. ಅದರಲ್ಲಿ ಫೋನ್ ಅನ್ನುವ ಕಾಲಂ. ಮೂವರಿಗೆ ಫೋನ್ ಇದೆ, ಒಬ್ಬರಿಗೆ ಇಲ್ಲ. ಕೆಳಗಿನ ಎಕ್ಸಿಸ್ಟ್ಸ್ ಅಂದರೆ, ಒಳಗಿನ ಕ್ವೆರಿಗೆ ಒಂದು ಸಾಲಾದರೂ ಸಿಕ್ಕಿತಾ ಅನ್ನುವ ಪ್ರಶ್ನೆ.

ಸೆಲೆಕ್ಟ್ ಹೆಸರು ಫ್ರಮ್ ಸದಸ್ಯರು ವೇರ್ ಎಕ್ಸಿಸ್ಟ್ಸ್
(ಸೆಲೆಕ್ಟ್ 1 ಫ್ರಮ್ ಪುಸ್ತಕಗಳು ವೇರ್ ಎಕ್ಸಿಸ್ಟ್ಸ್
(ಸೆಲೆಕ್ಟ್ 1 ಫ್ರಮ್ ವಾಪಸ್_ಪಟ್ಟಿ ವೇರ್ ಫೋನ್ ಈಸ್ ನಾಟ್ ನಲ್));

ಫೋನ್ ಅನ್ನುವ ಹೆಸರು ವಾಪಸ್_ಪಟ್ಟಿಯಲ್ಲಿ ಇಲ್ಲ, ಪುಸ್ತಕಗಳಲ್ಲಿ ಇಲ್ಲ, ಎರಡು ಸುತ್ತು ಹೊರಗೆ ಹೋಗಿ ಸದಸ್ಯರಲ್ಲಿ ಸಿಕ್ಕಿತು. ಮೂವರ ಹೆಸರು ಬಂತು.

ಈಗ ಕ್ವೆರಿಯನ್ನು ಮುಟ್ಟಲೇ ಇಲ್ಲ. ಪುಸ್ತಕಗಳು ಟೇಬಲ್‌ಗೆ ಒಂದು ಹೊಸ ಕಾಲಂ ಸೇರಿಸಿದೆ: ಫೋನ್. ಪುಸ್ತಕ ದಾನ ಕೊಟ್ಟವರ ಫೋನ್ ಇಡೋಣ ಅಂತ ಮೇಷ್ಟ್ರು ನಿಜವಾಗಿಯೂ ಕೇಳಿದ್ದರು. ಅದೇ ಕ್ವೆರಿ ಮತ್ತೆ ಓಡಿಸಿದೆ. ಸೊನ್ನೆ ಸಾಲು. ಹೆಸರು ಈಗ ನಡುವಿನ ಸುತ್ತಿನಲ್ಲೇ ಸಿಕ್ಕಿಬಿಡುತ್ತದೆ, ಅಲ್ಲಿ ಎಲ್ಲಾ ನಲ್. ಮಾಮೂಲಿ ಒಂದು ಕಾಲಂ ಸೇರಿಸಿದ್ದಕ್ಕೆ, ಎಲ್ಲೋ ಇರುವ ಹಳೇ ಕ್ವೆರಿಯ ಅರ್ಥವೇ ಬದಲಾಯಿತು. ತಪ್ಪೂ ಇಲ್ಲ, ಎಚ್ಚರಿಕೆಯೂ ಇಲ್ಲ. ನಾನು ಆ ಕಾಲಂ ಸೇರಿಸುವುದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ.

ವ್ಯೂ (ಹೆಸರು ಕೊಟ್ಟು ಉಳಿಸಿದ ಕ್ವೆರಿ) ಮಾಡಿಟ್ಟರೆ ಏನಾಗುತ್ತದೆ ಅಂತಲೂ ನೋಡಿದೆ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ ಕಟ್ಟುವಾಗಲೇ ಯಾವ ಹೆಸರು ಯಾವ ಟೇಬಲ್‌ನದು ಅಂತ ಗುರುತು ಹಾಕಿ ಇಟ್ಟುಕೊಳ್ಳುತ್ತದೆ. ಆಮೇಲೆ ಕಾಲಂ ಸೇರಿಸಿದರೂ ಮೂವರ ಹೆಸರೇ ಬಂತು. ಎಸ್‌ಕ್ಯೂಲೈಟ್ ವ್ಯೂವನ್ನು ಬರೆದ ಮಾತಿನ ರೂಪದಲ್ಲೇ ಇಟ್ಟುಕೊಳ್ಳುತ್ತದೆ, ಪ್ರತಿ ಸಲ ಹೊಸದಾಗಿ ಹುಡುಕುತ್ತದೆ. ಅಲ್ಲಿ ಸೊನ್ನೆ.

ಎರಡು ಡೇಟಾಬೇಸ್, ಎರಡು ಉತ್ತರ

ವ್ಯೂ ವಿಷಯ ಬಿಟ್ಟರೆ, ಇಲ್ಲಿವರೆಗೆ ಒಂದೇ ಕ್ವೆರಿಗೆ ಎಲ್ಲರ ಉತ್ತರ ಒಂದೇ ಇತ್ತು. ಇದರಲ್ಲಿ ಮಾತ್ರ ಬೇರೆಯಾಯಿತು:

ಸೆಲೆಕ್ಟ್ ನಂಬರ್ ಫ್ರಮ್ ಪುಸ್ತಕಗಳು ವೇರ್ ಎಕ್ಸಿಸ್ಟ್ಸ್
(ಸೆಲೆಕ್ಟ್ ನಂ ಆ್ಯಸ್ ನಂಬರ್ ಫ್ರಮ್ ವಾಪಸ್_ಪಟ್ಟಿ ವೇರ್ ನಂಬರ್ = 101);

ಒಳಗಿನ ಸೆಲೆಕ್ಟ್‌ನಲ್ಲಿ ನಂ ಕಾಲಂಗೆ 'ನಂಬರ್' ಅಂತ ಅಡ್ಡಹೆಸರು ಕೊಟ್ಟಿದ್ದೇನೆ. ಅದೇ ಸುತ್ತಿನ ವೇರ್‌ನಲ್ಲಿ ಆ ಹೆಸರು ಬಳಸಿದ್ದೇನೆ. ಪೋಸ್ಟ್‌ಗ್ರೆಸ್ ಪ್ರಕಾರ ಸೆಲೆಕ್ಟ್‌ನಲ್ಲಿ ಕೊಟ್ಟ ಅಡ್ಡಹೆಸರು ವೇರ್‌ಗೆ ಕಾಣುವುದಿಲ್ಲ. ಹಾಗಾಗಿ ಹೊರಗೆ ಹೋಗಿ ಪುಸ್ತಕಗಳ ನಂಬರ್ ತೆಗೆದುಕೊಂಡಿತು. ಉತ್ತರ ಒಂದೇ ಸಾಲು: 101. ಎಸ್‌ಕ್ಯೂಲೈಟ್ ವೇರ್‌ನಲ್ಲೂ ಅಡ್ಡಹೆಸರನ್ನು ಒಪ್ಪುತ್ತದೆ. ಹೊರಗೆ ಹೋಗುವ ಮೊದಲೇ ಅದನ್ನು ನೋಡುತ್ತದೆ. ಹಾಗಾಗಿ 'ಪಟ್ಟಿಯಲ್ಲಿ 101 ಇದೆಯಾ' ಅನ್ನುವ ಪ್ರಶ್ನೆ ಆಯಿತು, ಎಲ್ಲರಿಗೂ ಹೌದು. ನಾಲ್ಕು ಸಾಲು, ನಲ್ ಕೂಡ ಸೇರಿ. ಎಸ್‌ಕ್ಯೂಲೈಟ್‌ನಲ್ಲಿ ಪರೀಕ್ಷೆ ಮಾಡಿ ಪೋಸ್ಟ್‌ಗ್ರೆಸ್‌ನಲ್ಲಿ ಓಡಿಸುವವರು ತುಂಬಾ ಜನ ಇದ್ದಾರೆ. ಅವರು ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು.

ಒಟ್ಟು ಲೆಕ್ಕ ಹಾಕುವ ಫಂಕ್ಷನ್‌ಗಳೂ ಹೀಗೇ ಹೊರಗೆ ಜಾರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಇದನ್ನು ಕೇಳಿದೆ:

ಸೆಲೆಕ್ಟ್ ನಂಬರ್, (ಸೆಲೆಕ್ಟ್ ಮ್ಯಾಕ್ಸ್(ಕೊಟ್ಟ_ದಿನ) ಫ್ರಮ್ ವಾಪಸ್_ಪಟ್ಟಿ) ಫ್ರಮ್ ಪುಸ್ತಕಗಳು;

ನಂಬರ್ ಗ್ರೂಪ್ ಬೈನಲ್ಲಿ (ಸಾಲುಗಳನ್ನು ಗುಂಪು ಮಾಡುವ ಭಾಗದಲ್ಲಿ) ಇರಬೇಕು ಅಂತ ತಪ್ಪು ಬಂತು. ನಾನು ಹೊರಗೆ ಯಾವ ಲೆಕ್ಕವನ್ನೂ ಕೇಳಿಲ್ಲವಲ್ಲ ಅಂತ ಅನ್ನಿಸುತ್ತದೆ. ಕೊಟ್ಟ_ದಿನ ಹೊರಗಿನ ಕಾಲಂ. ಮ್ಯಾಕ್ಸ್ ಒಳಗೆ ಪೂರ್ತಿ ಹೊರಗಿನ ಕಾಲಂ ಮಾತ್ರ ಇದ್ದರೆ, ಆ ಮ್ಯಾಕ್ಸ್ ಹೊರಗಿನ ಕ್ವೆರಿಗೆ ಸೇರಿದ್ದು ಅಂತ ನಿಯಮ. ಬರೆದದ್ದು ಒಳಗೆ, ಲೆಕ್ಕ ನಡೆಯುವುದು ಹೊರಗೆ. ಈ ತಪ್ಪಿನ ಮಾತು ನೋಡಿ ಗ್ರೂಪ್ ಬೈ ಸೇರಿಸಲು ಹೋಗಬೇಡಿ. ಮೊದಲು ಕಾಲಂ ಯಾವ ಟೇಬಲ್‌ನದು ಅಂತ ನೋಡಿ.

ಹೊರಗೆ ಅಂದರೆ ಪಕ್ಕ ಅಲ್ಲ, ಇದೂ ನೆನಪಿರಲಿ. ಫ್ರಮ್‌ನಲ್ಲಿ ಒಂದು ಟೇಬಲ್, ಅದರ ಪಕ್ಕ ಒಂದು ಸಬ್‌ಕ್ವೆರಿ ಇಟ್ಟರೆ, ಆ ಸಬ್‌ಕ್ವೆರಿಗೆ ಪಕ್ಕದ ಟೇಬಲ್ ಕಾಣುವುದಿಲ್ಲ. ಪೋಸ್ಟ್‌ಗ್ರೆಸ್ "ಆ ಕಾಲಂ ಇದೆ, ಆದರೆ ಇಲ್ಲಿಂದ ಅದನ್ನು ಹೇಳುವ ಹಾಗಿಲ್ಲ" ಅನ್ನುತ್ತದೆ. ಬೇಕೇ ಬೇಕು ಅಂದರೆ ಲ್ಯಾಟರಲ್ ಅಂತ ಬರೆಯಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಇದು 2013ರ 9.3ರಿಂದ ಇದೆ, ಮೈಎಸ್‌ಕ್ಯುಎಲ್‌ನಲ್ಲಿ 8.0.14ರಿಂದ.

ಓಡಿಸುವ ಮೊದಲೇ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಎಕ್ಸ್‌ಪ್ಲೇನ್ (ಈ ಕ್ವೆರಿಯನ್ನು ಹೇಗೆ ಓಡಿಸುತ್ತೀಯ ಅಂತ ಡೇಟಾಬೇಸನ್ನೇ ಕೇಳುವ ಆದೇಶ) ಹಾಕಿ ನೋಡಿದರೆ ಮೂರೂ ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಮೈಎಸ್‌ಕ್ಯುಎಲ್. ಮೊದಲ ಕ್ವೆರಿಗೆ ಎಕ್ಸ್‌ಪ್ಲೇನ್ ಹಾಕಿ, ಕೂಡಲೇ ಶೋ ವಾರ್ನಿಂಗ್ಸ್ ಅಂತ ಹೇಳಿದೆ. 1276ನೇ ನಂಬರಿನ ಒಂದು ಟಿಪ್ಪಣಿ ಬಂತು. ಸೆಲೆಕ್ಟ್ #2ರಲ್ಲಿ (ಒಳಗಿನದು) ಹೇಳಿದ ನಂಬರ್ ಅನ್ನುವ ಹೆಸರು ಸೆಲೆಕ್ಟ್ #1ರಲ್ಲಿ (ಹೊರಗಿನದು) ಸಿಕ್ಕಿತು ಅಂತ ಅದರ ಅರ್ಥ. ನನಗೆ ಬೆಳಗ್ಗೆಯಿಂದ ಬೇಕಾಗಿದ್ದ ಮಾತು ಇದೇ. ಎಲ್ಲಾ ಡೇಟಾಬೇಸ್‌ಗಳೂ ಹೀಗೆ ಬರೆದು ಕೊಡಬೇಕು ಅಂತ ನನ್ನ ಆಸೆ.

ಎಸ್‌ಕ್ಯೂಲೈಟ್‌ನಲ್ಲಿ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಹಾಕಿದರೆ ಸರಿಯಾದ ಕ್ವೆರಿಗೆ 'ಲಿಸ್ಟ್ ಸಬ್‌ಕ್ವೆರಿ' ಅಂತ ಬರುತ್ತದೆ. ಹೊರಗಿನ ಕಾಲಂ ಹಿಡಿದ ಕ್ವೆರಿಗೆ ಅದಕ್ಕೂ ಮೊದಲು 'ಕೋರಿಲೇಟೆಡ್' (ಹೊರಗಿನದಕ್ಕೆ ಅಂಟಿಕೊಂಡದ್ದು) ಅನ್ನುವ ಪದ ಸೇರುತ್ತದೆ. ಆ ಒಂದು ಪದ ನೋಡಿದರೆ ಸಾಕು. ನನ್ನ ಪೋಸ್ಟ್‌ಗ್ರೆಸ್ 15ರಲ್ಲಿ ಸರಿಯಾದ ಕ್ವೆರಿಗೆ ಸೆಮಿ ಜಾಯಿನ್ ಬಂತು. ಕೆಟ್ಟದ್ದಕ್ಕೆ ಫಿಲ್ಟರ್ ಜಾಗದಲ್ಲಿ ಸಬ್‌ಪ್ಲಾನ್ ಅಂತ ಬಂತು. ಇದು ಅಷ್ಟು ನೇರವಾದ ಮಾತಲ್ಲ, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿದವರಿಗೆ ಗುರುತು ಸಿಗುತ್ತದೆ.

ಸ್ಕ್ರಿಪ್ಟ್‌ನಲ್ಲಿ ಬದಲಾಯಿಸಿದ್ದು

ಎಲ್ಲ ಕ್ವೆರಿಗೂ ಟೇಬಲ್‌ನ ಚಿಕ್ಕ ಹೆಸರು, ಎಲ್ಲ ಕಾಲಂ ಮುಂದೆಯೂ ಆ ಹೆಸರು ಮತ್ತು ಚುಕ್ಕೆ. ಒಂದೇ ಟೇಬಲ್ ಇರುವ ಕ್ವೆರಿಗೂ ಹಾಕಿದೆ. ಇವತ್ತು ಒಂದೇ ಇರಬಹುದು, ನಾಳೆ ಅದರೊಳಗೆ ಇನ್ನೊಂದು ಸೇರುತ್ತದೆ.

ಅಪ್‌ಡೇಟ್ ಪುಸ್ತಕಗಳು ಆ್ಯಸ್ ಪು
ಸೆಟ್ ಸ್ಥಿತಿ = 'ಒಳಗೆ'
ವೇರ್ ಪು.ಪುಸ್ತಕ_ನಂಬರ್ ಇನ್ (ಸೆಲೆಕ್ಟ್ ವಾ.ಪುಸ್ತಕ_ನಂಬರ್ ಫ್ರಮ್ ವಾಪಸ್_ಪಟ್ಟಿ ಆ್ಯಸ್ ವಾ);

ಸೆಟ್ ಪಕ್ಕದ ಸ್ಥಿತಿಗೆ ಮಾತ್ರ ಚಿಕ್ಕ ಹೆಸರು ಹಾಕಬಾರದು. ಪೋಸ್ಟ್‌ಗ್ರೆಸ್ ಅಲ್ಲಿ ಬರೀ ಕಾಲಂ ಹೆಸರನ್ನೇ ಕೇಳುತ್ತದೆ.

ಇನ್ನು, ಶೀಟ್‌ನ ಮೊದಲ ಸಾಲನ್ನೇ ನಂಬಿ ಟೇಬಲ್ ಕಟ್ಟುವುದನ್ನು ಬಿಟ್ಟೆ. ಟೇಬಲ್ ಈಗ ಶಾಶ್ವತ, ಕಾಲಂ ಹೆಸರು ನನ್ನದು. ಶೀಟ್‌ನ ಹೆಸರನ್ನು ಓದಿ, ಅದರಲ್ಲಿ ಇರುವ ಯು+200ಸಿ ಮತ್ತು ಅದರ ಜೋಡಿ, ಅಂಥದೇ ಕಾಣದ ಗುರುತು ಯು+200ಡಿ ತೆಗೆದು, ಆಮೇಲೆ ಹೋಲಿಸುತ್ತೇನೆ. ಹೊಂದದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಇದನ್ನು ಕಾಲಂ ಹೆಸರಿಗೆ ಮಾತ್ರ ಮಾಡಿದ್ದೇನೆ. ಪುಸ್ತಕದ ಹೆಸರಿಗೂ ಲೇಖಕರ ಹೆಸರಿಗೂ ಯಾರೂ ಇದನ್ನು ಮಾಡಬೇಡಿ. ಅಲ್ಲಿ ಈ ಕಾಣದ ಗುರುತುಗಳಿಗೆ ಕೆಲಸ ಇದೆ. ರ‍್ಯಾಕ್ ಅಂತ ಬರೆಯಲು ಯು+200ಡಿ ಬೇಕು. ತೆಗೆದರೆ ಅರ್ಕಾವೊತ್ತು ಬಂದು ಪದದ ರೂಪವೇ ಬೇರೆ ಆಗುತ್ತದೆ.

ಕನ್ನಡದಲ್ಲಿ ಕಾಲಂ ಹೆಸರಿಡುವವರಿಗೆ ಇನ್ನೊಂದು ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್. ಅಂದರೆ ಕನ್ನಡದಲ್ಲಿ 21 ಸಂಕೇತ, ಒತ್ತು ಮತ್ತು ಗುಣಿತ ಸೇರಿಸಿ. ಅದಕ್ಕಿಂತ ಉದ್ದ ಬರೆದರೆ ಒಂದು ಸಣ್ಣ ಸೂಚನೆ ಕೊಟ್ಟು ಬಾಲ ಕತ್ತರಿಸಿಬಿಡುತ್ತದೆ. ಮೈಎಸ್‌ಕ್ಯುಎಲ್‌ನ ಮಿತಿ 64, ಆದರೆ ಅದು ಬೈಟ್ ಲೆಕ್ಕ ಅಲ್ಲ, ಸಂಕೇತದ ಲೆಕ್ಕ. ಚಿಕ್ಕ ಹೆಸರೇ ಒಳ್ಳೆಯದು.

ಕೊನೆಯದು ಎಣಿಕೆ. ಅಪ್‌ಡೇಟ್ ಆದ ಮೇಲೆ ಗೆಟ್ ಡಯಾಗ್ನಾಸ್ಟಿಕ್ಸ್ ಮೂಲಕ ಎಷ್ಟು ಸಾಲು ಬದಲಾಯಿತು ಅಂತ ತೆಗೆದು, ಪಟ್ಟಿಯಲ್ಲಿ ಇರುವುದಕ್ಕಿಂತ ಜಾಸ್ತಿ ಇದ್ದರೆ ಎಕ್ಸೆಪ್ಷನ್ ಎಬ್ಬಿಸುತ್ತೇನೆ. ಆಗ ಅಷ್ಟೂ ಕೆಲಸ ಹಿಂದಕ್ಕೆ ಹೋಗುತ್ತದೆ. 46ರ ಪಟ್ಟಿಗೆ 6405 ಬದಲಾವಣೆ ಇನ್ನು ಉಳಿಯುವುದಿಲ್ಲ.

ಸಂಜೆ ಮತ್ತೆ ಲೈಬ್ರರಿಗೆ ಹೋದೆ. ಮೇಷ್ಟ್ರ ಲೆಡ್ಜರ್‌ನಲ್ಲಿ ಆ ದಿನ ಕೊಟ್ಟದ್ದು 14, ಬಂದದ್ದು 6. ಒಂದೊಂದಾಗಿ ಹಾಕಿದೆ. ಪರದೆಯಲ್ಲಿ 287 ಅಂತ ಬಂತು. ಮೇಷ್ಟ್ರು ಲೆಡ್ಜರ್ ಪಕ್ಕ ಪೆನ್ಸಿಲ್‌ನಲ್ಲಿ ಕೂಡಿ, ಕಳೆದು, "ಸರಿ ಇದೆ ನೋಡಮ್ಮಾ" ಅಂದರು.

ಹುಡುಗಿಯೂ ಬಂದಿದ್ದಳು. "ಅಕ್ಕಾ, ನಾನೇನಾದ್ರೂ ತಪ್ಪು ಟೈಪ್ ಮಾಡಿದ್ನಾ?" ಅಂತ ಕೇಳಿದಳು. ಇಲ್ಲ ಅಂದೆ. ಅವಳ ಫೋನ್‌ನಲ್ಲಿ 'ನಂಬರ್' ಅಂತ ಟೈಪ್ ಮಾಡಿಸಿ, ಕೊನೆಯಿಂದ ಒಂದೊಂದೇ ಅಳಿಸಲು ಹೇಳಿದೆ. ಮೊದಲ ಸಲ ಅಳಿಸಿದಾಗ ಪರದೆಯ ಮೇಲೆ ಏನೂ ಬದಲಾಗಲಿಲ್ಲ. "ಅಯ್ಯೋ, ಇಲ್ಲೇನೋ ಇದೆ!" ಅಂದಳು.

ಅಷ್ಟರಲ್ಲಿ ಮೇಷ್ಟ್ರು ಗೋಂದು, ಚೀಟಿ ಹುಡುಕಿಟ್ಟರು. ಆ ಏಳು ಪುಸ್ತಕ ವಾಪಸ್ ಬಂದ ಕೂಡಲೇ ನಂಬರ್ ಅಂಟಿಸುತ್ತಾರಂತೆ. ಮುಂದಿನ ಶನಿವಾರ ರಾತ್ರಿ ನಿದ್ದೆ ತಡೆದು ಕೂತು ಲಾಗ್ ನೋಡಿದೆ: ಪಟ್ಟಿ 52, ಅಪ್‌ಡೇಟ್ 52.